ಬೆಳ್ಳುಳ್ಳಿ ಸಿಪ್ಪೆಯಷ್ಟು ಪೊರೆ

ಚಂದ್ರನ ದಕ್ಷಿಣ ಧ್ರುವದಲ್ಲಿ ನಮ್ಮೋರು ಯಂತ್ರ ಇಳಿಸಿದ್ರಲ್ಲ, ಆ ಸುದ್ದಿ ಬೇರೆ ಊರುಗಳಿಗೆ ಹೆಂಗೆ ತಲುಪ್ತೋ ಗೊತ್ತಿಲ್ಲ. ಚಾಮರಾಜನಗರದ ಹಳೇ ಬಸ್‌ಸ್ಟ್ಯಾಂಡ್ ಹಿಂದ್ಗಡೆ ಇರೋ ಹಬೀಬುಲ್ಲಾನ ಮಿಕ್ಸಿ ರಿಪೇರಿ ಅಂಗಡಿಗೆ ಮಾತ್ರ ಪೇಪರ್‌ನಲ್ಲಿ ಇಲ್ಲದ ವಿವರಗಳ ಸಮೇತ ತಲುಪ್ತು. ಯಂತ್ರ ಇಳಿದ ಜಾಗದಲ್ಲಿ ಮಣ್ಣು ಹದವಾಗದೆ, ಅರಿಶಿನಕ್ಕೆ ಹೇಳಿ ಮಾಡಿಸಿದಂಗದೆ ಅಂತ ವಿಜ್ಞಾನಿಗಳು ಒಳಗೊಳಗೇ ಬರಕೊಂಡವ್ರೆ ಅಂತ ಅವನು ಸ್ಕ್ರೂಡ್ರೈವರ್ ತಿರುಗಿಸ್ತಾನೇ ಹೇಳ್ದ. ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ. ಅರ್ಧ ಎಕರೆ ಅರಿಶಿನ ಹಾಕಿದ್ದ ಹೂವಿನಂಗಡಿ ಚಿಕ್ಕಮಾದು, ಅಲ್ಲೂ ಬೆಳೆದುಬುಟ್ರೆ ಇಲ್ಲಿ ರೇಟು ನಿಲ್ತದಾ ಅಂತ ಆವತ್ತೆಲ್ಲಾ ಸಪ್ಪಗಿದ್ದ.

ಹಬೀಬುಲ್ಲಾನಿಗೆ ಐವತ್ತೈದು. ಮೋಟಾರ್ ವೈಂಡಿಂಗ್ ಕೆಲಸದಲ್ಲಿ ಅವನ ಕೈ ಹಿಡಿಯೋರಿಲ್ಲ. ಅವನ ಬಾಯಿ ಹಿಡಿಯೋರೂ ಇಲ್ಲ. ವಾರಕ್ಕೊಂದು ದಿನ ಪೇಪರ್‌ನಲ್ಲಿ ವಿಜ್ಞಾನದ ಪುಟ ಬರ್ತಿತ್ತು. ಅದನ್ನ ಅವನು ಜೋರಾಗಿ ಓದ್ತಿದ್ದ, ಓದ್ತಾ ಓದ್ತಾ ಪೇಪರ್ ಮುಗಿದು ಅವನದು ಶುರುವಾಗ್ತಿತ್ತು. ಎಲ್ಲಿ ಮುಗೀತು ಎಲ್ಲಿ ಶುರುವಾಯ್ತು ಅಂತ ಹಿಡಿಯೋನು ಊರಿಗೆಲ್ಲಾ ಒಬ್ಬನೇ ಇದ್ದ. ಹರದನಹಳ್ಳಿ ದೊಡ್ಡಬೀರಯ್ಯ.

ದೊಡ್ಡಬೀರಯ್ಯ ಬಂಡೀಪುರದ ಕಾಡಲ್ಲಿ ಮೂವತ್ತೊಂದು ವರ್ಷ ವಾಚರ್ ಆಗಿದ್ದು ರಿಟೈರ್ಡ್ ಆದೋನು. ಲಂಟಾನ ಪೊದೆಯೊಳಗೆ ಹುಲಿ ಕಿವಿಯಷ್ಟೇ ಕಂಡ್ರೂ, ಅದು ಗಂಡೋ ಹೆಣ್ಣೋ ಅಂತ ಹೇಳ್ತಿದ್ದ ಕಣ್ಣು ಅವನದು. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸಲ್ಲಿ ಬಂದು, ಅಂಗಡಿ ಮುಂದೆ ಕೆಟ್ಟು ಕೂತಿದ್ದ ಸ್ಟೆಬಿಲೈಸರ್ ಮೇಲೆ ತಾನೂ ಕೂತು, ನಂಬದೇ ಇರೋ ಕೆಲಸ ಮಾಡ್ತಿದ್ದ.

“ಕಾಡ್ನಲ್ಲಿ ಈಗ ಎಐ ಕ್ಯಾಮೆರಾ ಹಾಕವ್ರೆ ಬೀರಯ್ಯ. ಆನೆ ಬಂದ್ರೆ ಅದರ ಹೆಸರು ಹಿಡಿದು ಮೆಸೇಜ್ ಕಳಿಸ್ತದೆ.”

“ಯಾರ್ಗ ಕಳುಸ್ತದ್ಲಾ?”

“ಆನೆಗೇ.”

“ಬುಡ್ಲಾ ಅಬೀಬ. ಆನಗ ಕನ್ನಡ ಬತ್ತದ, ಓದಾಕ ಬರಾಕಿಲ್ಲ.”

ಹಿಂಗೆ. ನಂಬದೋನು ಒಬ್ಬ ಎದುರಿಗಿದ್ರೆ ಸುಳ್ಳು ಹೇಳೋನಿಗೆ ಧೈರ್ಯ. ಬ್ರೇಕ್ ಸರಿ ಇರೋ ಗಾಡೀನ ಇಳಿಜಾರಲ್ಲಿ ಬಿಟ್ಟಂಗೆ ಹಬೀಬುಲ್ಲಾ ಬಿಟ್ಕೊಂಡು ಹೋಗ್ತಿದ್ದ.

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ವಾರ, ದೊಡ್ಡಬೀರಯ್ಯ ಬಸ್ಸಿಳಿದು ಬರ್ತಾ ಕರೆಂಟ್ ಕಂಬಕ್ಕೆ ನಮಸ್ಕಾರ ಮಾಡ್ದ. ಮೊದಲು ಯಾರೋ ಗುರುತಿನೋರು ಅಂದ್ಕೊಂಡಿದ್ದ. ಬಲಗಣ್ಣು ಮಂಜಾಗಿತ್ತು. ಪೊರೆ ಬಂದದೆ ಅಂತ ಡಾಕ್ಟ್ರು ಹೇಳಿ ಚೀಟಿ ಕೊಟ್ಟಿದ್ರು. ಚೀಟಿ ಜೇಬಲ್ಲಿತ್ತು.

“ಗುರ್ವಾರ ಕ್ಯಾಂಪಂತ ಕಣ್ಲಾ,” ಅಂದ ಅವನು. “ಗುಂಡ್ಲುಪ್ಯಾಟ್ಗ ಕರ್ಕೊಂಡೋಗಿ ಕಣ್ ಕೊಯ್ತರಂತ.”

ಹೇಳುವಾಗ ಚೀಟೀನ ಜೇಬಿಂದ ತೆಗೆದು ಮಡಚೋದು, ಬಿಚ್ಚೋದು ಮಾಡ್ತಿದ್ದ. ಒಂಟಿ ಸಲಗ ಅಟ್ಟಿಸ್ಕೊಂಡು ಬಂದಾಗ ಮರ ಹತ್ತಿ ಕೂತು ಬೀಡಿ ಹಚ್ಚಿದೋನು, ಉಗುರಿನಷ್ಟು ಚಾಕುಗೆ ಹೆದರ್ಕೊಂಡಿದ್ದ. ಹಬೀಬುಲ್ಲಾ ಅದನ್ನ ನೋಡಿ ನೋಡದಂಗಿದ್ದ. ಇವನನ್ನ ಒಂದ್ಸಲ ನಗಿಸ್ಬೇಕು ಅನ್ನಿಸ್ತು. ಅಷ್ಟೇ ಅವನ ಮನಸ್ಸಲ್ಲಿದ್ದಿದ್ದು. ಆವತ್ತಿನ ಪುಟದಲ್ಲಿ ಹೊಲಕ್ಕೆ ಔಷಧಿ ಹೊಡೆಯೋ ಡ್ರೋನ್ ಬಗ್ಗೆ ಬರೆದಿದ್ರು. ಅವನು ಕನ್ನಡಕ ಏರಿಸಿ ಆ ಡ್ರೋನ್ ಸುದ್ದೀನೇ ನೋಡ್ಕೊಂಡು ಓದಕ್ಕೆ ಶುರು ಮಾಡ್ದ:

“ಜಪಾನ್ ದೇಶದ ವಿಜ್ಞಾನಿಗಳು ಕಂಡುಹಿಡಿದಿರುವ ಪ್ರಕಾರ, ಹಾವು ಹೆಂಗೆ ಪೊರೆ ಬುಡ್ತದೋ ಹಂಗೇ ಮನುಷ್ಯನ ಕಣ್ಣೂ ಪೊರೆ ಬುಡ್ತದೆ. ಕೊಯ್ಯೋದು ಬ್ಯಾಡ. ಎರಡು ವರ್ಷ ಸುಮ್ನಿದ್ರೆ ತಾನಾಗೇ ಸುಲಿದು, ಬೆಳ್ಳುಳ್ಳಿ ಸಿಪ್ಪೆಯಷ್ಟು, ದಿಂಬಿನ ಮೇಲೆ ಬಿದ್ದಿರ್ತದೆ.”

ದೊಡ್ಡಬೀರಯ್ಯ ನಕ್ಕ. ಹೊಟ್ಟೆ ಹಿಡ್ಕೊಂಡು ನಕ್ಕ. “ಬುಡ್ಲಾ ಸಾಕು,” ಅಂದ. ಚೀಟಿ ವಾಪಸ್ ಜೇಬಿಗೆ ಹೋಯ್ತು. ಹಬೀಬುಲ್ಲಾನಿಗೆ ಒಳ್ಳೇ ಕೆಲಸ ಮಾಡಿದಂಗಾಯ್ತು.

ಗುರುವಾರ ಅವನು ಕ್ಯಾಂಪಿಗೆ ಹೋಗ್ಲಿಲ್ಲ. ಕೇಳಿದ್ರೆ ಚೆಂಡುಹೂ ಕೊಯ್ಲು ಅಂದ. ಇನ್ನೊಂದು ಕ್ಯಾಂಪಿಗೆ ನೆಂಟರ ಮದುವೆ ಅಂದ. ಮೂರನೇದಕ್ಕೆ ಹಬೀಬುಲ್ಲಾ ಕೇಳ್ಲೂ ಇಲ್ಲ. ಬೇರೆಯೋರ ಕಣ್ಣು, ಎಷ್ಟು ಸಲಿ ಕೇಳೋದು.

ಈ ವರ್ಷ ಸಂಕ್ರಾಂತಿ ಆದ್ಮೇಲೆ ದೊಡ್ಡಬೀರಯ್ಯ ಬರೋದೇ ನಿಲ್ಲಿಸ್ದ. ಒಂದು ತಿಂಗಳಾದ್ಮೇಲೆ ಅವನ ಹೆಂಡ್ತಿ ಯಶೋದಮ್ಮ ಬಂದ್ಲು, ಚೀಲದಲ್ಲಿ ಬ್ಲೇಡ್ ಕಚ್ಕೊಂಡಿದ್ದ ಚಟ್ನಿ ಜಾರು.

“ಜಾರು ಇರ್ಲಿ ಅಬೀಬಣ್ಣ,” ಅಂದ್ಲು. “ಆ ಜಪಾನಿನ್ ಪೇಪರ್ ಅದಲ್ಲ, ಮಡಗಿದ್ದೀಯಾ?”

“ಯಾವ್ ಜಪಾನು?”

“ಕಣ್ ಪೊರ ತಾನಾಗ್ ಬುಡ್ತದ ಅಂತ ಬಂದಿತ್ತಲ್ಲ. ಡಾಕ್ಟ್ರಿಗ ತೋರುಸ್ಬೇಕು. ಅವ್ರು ನಮ್ಮ ಬಯ್ತರ.”

ಹಬೀಬುಲ್ಲಾ ಜಾರು ಕೆಳಗಿಟ್ಟ. ಯಶೋದಮ್ಮ ಹೇಳ್ತಾ ಹೋದ್ಲು. ಎರಡು ವರ್ಷದಿಂದ ಅವನು ದಿಂಬಿನ ಮೇಲೆ ಬಿಳೀ ಪಂಚೆ ತುಂಡು ಹಾಸ್ಕೊಂಡು ಮಲಗ್ತಿದ್ನಂತೆ. ಬೆಳಿಗ್ಗೆ ಎದ್ದು ಅದನ್ನ ಬೆರಳಲ್ಲಿ ತಡವ್ತಿದ್ನಂತೆ. ತಾನು ಎದ್ದು ನೋಡೋವರ್ಗೂ ಯಾರೂ ಕಸ ಗುಡಿಸ್ಬಾರ್ದು, ಕೋಳಿ ಒಳಗೆ ಬಿಡಬಾರ್ದು. ಒಂದಿನ ನಿಜವಾಗ್ಲೂ ಸಿಪ್ಪೆ ಸಿಕ್ತಂತೆ. ಖುಷಿಯಿಂದ ಕರೆದು ತೋರಿಸ್ದ. ನೋಡಿದ್ರೆ ಬೆಳ್ಳುಳ್ಳೀದೇ. ಕಳೆದ ತಿಂಗಳು ಬಲಗಣ್ಣು ಕೆಂಡ ಆಯ್ತು, ತಲೆ ಸಿಡಿತ, ವಾಂತಿ. ಪೊರೆ ಬುಡೋ ಟೈಮಲ್ಲಿ ನೋವು ಇರ್ತದೆ ಅಂತ ಎಂಟು ದಿನ ಹಲ್ಲು ಕಚ್ಚಿದ. ಒಂಬತ್ತನೇ ದಿನ ಇವಳೇ ಆಟೋ ಹತ್ತಿಸ್ಕೊಂಡು ಹೋದ್ಲು. ಪೊರೆ ಬಲಿತು ಉಬ್ಬಿ, ಒಳಗೆ ಒತ್ತಡ ಏರಿ, ನರ ಸತ್ತೋಗಿತ್ತು. ಬಲಗಣ್ಣು ಇನ್ನ ಬರಲ್ಲ ಅಂದ್ರು. ಎಡಗಣ್ಣಿಗೂ ಪೊರೆ ಬಂದದೆ, ಅದನ್ನ ಬೇಗ ತೆಗೆಸಿದ್ರೆ ಉಳೀತದೆ ಅಂದ್ರು.

“ಇವ್ರು ಒಪ್ತಾ ಇಲ್ಲ ಕಣಣ್ಣ. ಬಲ್ಗಣ್ಗ ಗಳಿಗ ಸರೀಗ್ ಇರ್ನಿಲ್ಲ, ಎಡ್ಗಣ್ದು ಬುಡ್ತದ ಅಂತರ. ಅದ್ಕ ಪೇಪರ್ ಕೇಳ್ದಿ. ಡಾಕ್ಟ್ರು ಓದುದ್ರ ಏನಾರ ಸರ್ಯಾಗ್ ಏಳ್ತರೇನೋ.”

ಅವಳ ದನಿಯಲ್ಲಿ ಕೋಪ ಇರ್ಲಿಲ್ಲ. ಇದ್ದಿದ್ರೆ ಹಬೀಬುಲ್ಲಾ ಏನಾದ್ರೂ ಹೇಳಿ ದಾಟ್ಕೊಳ್ತಿದ್ದ. ಪೇಪರ್ ಹುಡುಕಿ ಕೊಡ್ತೀನಮ್ಮ ಅಂದ. ಅದೂ ಸುಳ್ಳೇ.

ಮಧ್ಯಾಹ್ನ ಊಟಕ್ಕೆ ಕೂತು ಹೆಂಡ್ತಿ ಮಹಮೂದಾಗೆ ವಿಷಯ ಹೇಳ್ದ. ಅವಳು ಉರ್ದುನಲ್ಲಿ ಸುಮಾರು ಹೊತ್ತು ಬೈದಳು. ಕನ್ನಡದಲ್ಲಿ ಅದು ಇಷ್ಟೇ ಆಗ್ತದೆ: ತಟ್ಟೆ ಬಿಟ್ಟು ಏಳು, ಹೋಗಿ ಅವನ ಮುಂದೆ ಬಾಯಿ ಬಿಡು.

ಹರದನಹಳ್ಳಿಗೆ ಟಿವಿಎಸ್ಸಲ್ಲಿ ಕಾಲು ಗಂಟೆ. ಹಬೀಬುಲ್ಲಾ ಮುಕ್ಕಾಲು ಗಂಟೆ ಮಾಡ್ಕೊಂಡ. ದಾರಿಯುದ್ದಕ್ಕೂ ಒಂದೊಂದು ಮಾತು ಕಟ್ಟಿ ಬಿಚ್ಚಿ ನೋಡ್ದ. ಜಪಾನಿನೋರು ಹೇಳಿದ್ದು ಹಿಂದಕ್ಕೆ ತಗಂಡವ್ರೆ ಅಂದ್ರೆ ಹೆಂಗೆ? ತಿದ್ದುಪಡಿ ಪ್ರಕಟ ಆಗದೆ ಅಂದ್ರೆ? ಚೆನ್ನಾಗಿತ್ತು ಅದು. ಬೀರಯ್ಯನನ್ನ ಆಪರೇಷನ್‌ಗೆ ಒಪ್ಪಿಸ್ತಿತ್ತು ಕೂಡಾ. ಊರ ಬಾಗಿಲು ಬರೋವರ್ಗೂ ಅದನ್ನೇ ಹೇಳ್ಬೇಕು ಅಂತಿದ್ದ.

ದೊಡ್ಡಬೀರಯ್ಯ ಜಗಲಿ ಮೇಲಿದ್ದ. ಬಲಗಣ್ಣಿನ ಮೇಲೆ ಹಸಿರು ಬಟ್ಟೆ.

“ಯಾರ್ಲಾ, ಅಬೀಬ್ನಾ? ಗಾಡಿ ಸದ್ದ್ ಕೇಳ್ದಿ. ಊರ್ನೋರ್ ಮಿಕ್ಸಿ ಸರಿ ಮಾಡ್ತೀಯ, ಸೈಲೆನ್ಸರ್ ಸರಿ ಮಾಡುಸ್ಕಳಾಕಿಲ್ಲ.”

ಹಬೀಬುಲ್ಲಾ ಕೂತ್ಕೊಂಡ. ಕಟ್ಟಿದ್ದ ಮಾತೆಲ್ಲಾ ಹೋಯ್ತು.

“ಅದು ಸುಳ್ಳು ಕಣೋ ಬೀರಯ್ಯ. ಜಪಾನ್ದು. ಆವತ್ತು ಪೇಪರ್‌ನಲ್ಲಿ ಇದ್ದಿದ್ದು ಡ್ರೋನು.”

“ಗೊತ್ತು ಕಣ್ಲಾ.”

“ಗೊತ್ತಾ?”

“ನಿನ್ ಮಾತ ಯಾವತ್ಲಾ ನಂಬಿದ್ದಿ ನಾನು?” ದೊಡ್ಡಬೀರಯ್ಯ ಗೋಡೆಗೆ ಒರಗ್ದ. “ನೀನು ಪೊರ ಬುಡೋ ಹಾವ ಕಂಡಿದ್ದೀಯಾ?”

“ಇಲ್ಲ.”

“ನಾ ಕಂಡಿವ್ನಿ. ಕಾಡ್ನಲ್ಲಿ ಎಷ್ಟ್ ಸಲಿ. ಪೊರ ಬುಡಾಕ ಮುಂಚ ಹಾವಿನ್ ಕಣ್ಣು ಹಾಲ್ ಹುಯ್ದಂಗ್ ಆಯ್ತದ. ಕುಲ್ಡಾಯ್ತದ ಕಣ್ಲಾ. ಎಂಟತ್ ದಿನ ಬಂಡ ಸಂದೀಲಿ ಬಿದ್ದಿರ್ತದ. ಆಮ್ಯಾಕ ಪೊರ ಬುಡ್ತದ, ಕಣ್ ಮ್ಯಾಲಿಂದೂವಿ ಸುಲ್ಕಂಡ್ ಬತ್ತದ. ಕಣ್ಣು ಗಾಜ್ನಂಗ್ ಮಿಣಮಿಣ ಅಂತದ. ನಿನ್ ಜಪಾನ್ ನಂಬ್ನಿಲ್ಲ ನಾನು. ಮನ್ಗ ಬಂದ್ ಕನ್ನಡಿ ನೋಡ್ಕಂಡಿ. ನನ್ ಕಣ್ಣು ಅಂಗೇ ಹಾಲ್ ಹುಯ್ದಂಗಿತ್ತು.”

ಮೂವತ್ತು ವರ್ಷದಲ್ಲಿ ಹಬೀಬುಲ್ಲಾ ಹೇಳಿದ ಸುಳ್ಳುಗಳೆಲ್ಲ ಪೂರಾ ಸುಳ್ಳು. ಯಾರಿಗೂ ತಾಗಿರ್ಲಿಲ್ಲ. ಕಾಲು ಭಾಗ ನಿಜ ಇದ್ದದ್ದು ಇದೊಂದೇ, ಅದೂ ಅವನಿಗೇ ಗೊತ್ತಿಲ್ದಂಗೆ. ಹಾವಿನ ಕಣ್ಣಿನ ವಿಷಯ ಗೊತ್ತಿದ್ದಿದ್ರೆ ಹೇಳ್ತಿರ್ಲಿಲ್ಲ. ಸಿಪ್ಪೆ ಅನ್ನೋದನ್ನಾದ್ರೂ ಬಿಡಬೋದಿತ್ತು. ಆ ಸಿಪ್ಪೆ ಇಲ್ದೇ ಇದ್ರೂ ಅವನು ಹೆಂಗೂ ನಗ್ತಿದ್ದ.

“ಕ್ಯಾಂಪಿಗೆ ಹೋಗು ಅಂತ ನಾನು ಆವತ್ತು ಅನ್ನಬೇಕಿತ್ತು,” ಅಂದ.

“ಅನ್ಬೇಕಿತ್ತು,” ಅಂದ ದೊಡ್ಡಬೀರಯ್ಯ. “ನೀ ಅಂದಿದ್ರ ಅದ್ನೂ ನಂಬ್ತಿರ್ನಿಲ್ಲ.”

ಒಳಗಿಂದ ಯಶೋದಮ್ಮ ಟೀ ತಂದಿಟ್ಲು. ಪೇಪರ್ ಸಿಕ್ತಾ ಅಂತ ಕೇಳ್ಲಿಲ್ಲ. ಬಾಗಿಲಲ್ಲೇ ನಿಂತಿದ್ಲು, ಎಲ್ಲಾ ಕೇಳಿಸ್ಕೊಂಡಿದ್ಲು.

ದೊಡ್ಡಬೀರಯ್ಯ ಲೋಟಕ್ಕೆ ಕೈ ಚಾಚ್ದ. ಸಿಗ್ಲಿಲ್ಲ. ಹಬೀಬುಲ್ಲಾ ಅದನ್ನ ಅವನ ಬೆರಳಿಗೆ ಸರಿಸ್ದ.

“ಎಡ್ಗಣ್ದ ಕುಯ್ಸುದ್ರ ಕಣ್ ಬತ್ತದಾ? ಸರ್ಯಾಗ್ ಏಳು.”

ಇಂಥಾ ಪ್ರಶ್ನೆಗೆ ಹಬೀಬುಲ್ಲಾನ ಹತ್ರ ಯಾವಾಗ್ಲೂ ಉತ್ತರ ಇರ್ತಿತ್ತು. ಲೇಸರು, ಜರ್ಮನಿ ಲೆನ್ಸು, ನೂರಕ್ಕೆ ತೊಂಬತ್ತೊಂಬತ್ತು. ನಾಲಿಗೆ ತುದೀಗೆ ಬಂದು ನಿಂತಿದ್ವು ಅವೆಲ್ಲಾ.

“ನನಗೆ ಗೊತ್ತಿಲ್ಲ ಬೀರಯ್ಯ,” ಅಂದ. “ಡಾಕ್ಟ್ರು ಬರ್ತದೆ ಅಂತಾರೆ. ನಾನು ಜೊತೇಲಿ ಬರ್ತೀನಿ.”

ದೊಡ್ಡಬೀರಯ್ಯ ಅವನ ದನಿ ಬಂದ ಕಡೆ ಮುಖ ತಿರುಗಿಸ್ದ, ಪೊದೆಯೊಳಗೆ ಏನದೆ ಅಂತ ಕಾಯೋನ ಥರ.

“ಅಂಗಾರ ಓಗನ ಬುಡು,” ಅಂದ.

ಮುಂದಿನ ಬುಧವಾರ ಗುಂಡ್ಲುಪೇಟೆಯಲ್ಲಿ ಆಪರೇಷನ್ ಆಯ್ತು. ಇಪ್ಪತ್ತು ನಿಮಿಷ. ಅಷ್ಟೇನಾ ಅಂತ ದೊಡ್ಡಬೀರಯ್ಯ ಎರಡು ಸಲ ಕೇಳ್ದ. ಎರಡು ವರ್ಷದ ಹಿಂದೆ ಬಲಗಣ್ಣಿಗೂ ಇಷ್ಟೇ ಆಗ್ತಿತ್ತಾ ಅಂತಾನೂ ನರ್ಸಮ್ಮನ್ನ ಕೇಳ್ದ. ಆಯಮ್ಮ ಮಲಯಾಳಿ. ಕನ್ನಡದಲ್ಲಿ ಬೇರೆ ಸುತ್ತುಬಳಸು ಬರ್ದೇ ಇದ್ದಿದ್ರಿಂದ, “ಹೌದು ಅಜ್ಜ, ಇಷ್ಟೇ,” ಅಂದುಬಿಟ್ಲು. ಹಬೀಬುಲ್ಲಾ ಆಚೆ ಬೆಂಚಿನ ಮೇಲಿಂದ ಎದ್ದು ಹೋಗಿ, ಬಾಯಾರಿಕೆ ಇಲ್ದೇ ಇದ್ರೂ ಎರಡು ಲೋಟ ನೀರು ಕುಡ್ದ.

ಆಪರೇಷನ್ ಚೆನ್ನಾಗಿ ಆಗಿದೆ, ಪಟ್ಟಿ ನಾಳೆ ಬೆಳಿಗ್ಗೆ ಚಾಮರಾಜನಗರದಲ್ಲೇ ಬಿಚ್ಚಿಸ್ಕೊಳ್ಳಿ ಅಂದ್ರು. ಯಶೋದಮ್ಮ ಹಿಂದಿನ ಸೀಟಲ್ಲಿ ಔಷಧಿ ಚೀಲ ಮಡಿಲಲ್ಲಿಟ್ಕೊಂಡು ತೂಕಡಿಸ್ತಿದ್ಲು. ಬಸ್ಸು ಗುಂಡ್ಲುಪೇಟೆ ಬಿಟ್ಟಾಗ ನಾಲ್ಕು ಗಂಟೆ ಬಿಸಿಲು. ಕಿಟಕಿ ಪಕ್ಕ ದೊಡ್ಡಬೀರಯ್ಯ, ಒಂದು ಕಣ್ಣು ಸತ್ತಿದ್ದು, ಇನ್ನೊಂದು ಕಟ್ಟಿದ್ದು.

“ಯಾನ್ ಕಾಣ್ತದ್ಲಾ ಆಚ?”

“ಹೊಲ.”

“ಯಾನ್ ಆಕವ್ರೆ?”

“ಒಂದ್ಕಡೆ ಸೂರ್ಯಕಾಂತಿ. ಒಂದ್ಕಡೆ ಖಾಲಿ. ಟ್ರಾಕ್ಟರ್ ನಿಂತದೆ, ಯಾರೂ ಇಲ್ಲ.”

“ಆಮ್ಯಾಕ?”

“ಒಂದ್ ಹುಣಸೇ ಮರ. ಕೆಳಗೆ ಇಬ್ಬರು ಹೆಂಗಸರು ಕೂತವ್ರೆ.”

“ಯಾನ್ ಮಾಡ್ತಾವ್ರೆ?”

“ಸುಮ್ನೆ ಕೂತವ್ರೆ.”

ದೊಡ್ಡಬೀರಯ್ಯ ಕಾದ. ತೆರಕಣಾಂಬಿ ಹತ್ರ ಬಂತು. ಹಬೀಬುಲ್ಲಾ ಕಂಡಿದ್ದನ್ನ ಒಂದೊಂದಾಗಿ ಹೇಳ್ತಾ ಇದ್ದ, ಪಂಪ್‌ಹೌಸು, ಸಿಮೆಂಟ್ ಅಂಗಡಿ, ಬೋರ್ಡು, ಬೋರ್ಡಲ್ಲಿ ಏನು ಬರೆದದೆ ಅನ್ನೋದು.

“ಸಪ್ಪ ಅದ ಕಣ್ಲಾ,” ಅಂದ ದೊಡ್ಡಬೀರಯ್ಯ. “ಒಂದ್ ಚೂರಾರ ಸೇರ್ಸಿ ಏಳು.”

ಹಬೀಬುಲ್ಲಾ ಬಾಯಿ ತೆರೆದ. ಸುಮಾರು ದೂರ ತೆರ್ಕೊಂಡೇ ಇದ್ದ. ಏನಾದ್ರೂ ಒಂದು, ಸಣ್ಣದು, ಯಾರಿಗೂ ತಾಗದ್ದು ಸಿಕ್ಕೀತು ಅಂತ ರೋಡಿನ ಎರಡೂ ಕಡೆ ಹುಡುಕ್ದ.

“ಎಮ್ಮೆ ಒಂದು ಅಡ್ಡ ನಿಂತದೆ,” ಅಂದ ಕೊನೆಗೆ. “ಡ್ರೈವರ್ ಹಾರನ್ ಹೊಡೀತಾವ್ನೆ.”

“ಅದ್ ನನಗೂ ಕೇಳ್ತಾ ಅದ,” ಅಂದ ದೊಡ್ಡಬೀರಯ್ಯ.