ಮೂರನೆಯ ಎಚ್ಚರಿಕೆ

ಇಷ್ಟು ದಿನ ಶಾಂತಿಪಡೆಯವರ ಕೆಲಸವೆಂದರೆ ಬಿಳಿ ಜೀಪಿನಲ್ಲಿ ಓಡಾಡುವುದು, ಮಕ್ಕಳಿಗೆ ಕೈ ಬೀಸುವುದು, ಅಷ್ಟೆ. ಈಗ ಮೇಲಿನಿಂದ ಹೊಸ ಆದೇಶ ಬಂದಿತ್ತು: ಬಂಡುಕೋರರು ಬರಲೆಂದು ಕಾಯಬೇಡಿ, ನೀವೇ ನುಗ್ಗಿ ಹೊಡೆಯಿರಿ. ಜೊತೆಗೊಂದು ನಿಯಮ, ಹೊಡೆಯುವ ಮುನ್ನ ಧ್ವನಿವರ್ಧಕದಲ್ಲಿ ಮೂರು ಸಲ ಎಚ್ಚರಿಕೆ ಕೊಡಬೇಕು. ಪಡೆಯ ನಾಯಕನೋ, ನಿಯಮದ ಪುಸ್ತಕ ಕೇಳದೆ ಸೀನಲೂ ಹಿಂಜರಿಯುವ ಆಸಾಮಿ.

ಎಚ್ಚರಿಕೆಯನ್ನು ಊರಿನ ಭಾಷೆಯಲ್ಲಿ ಕೂಗಬೇಕಾದವಳು ದುಭಾಷಿ. ಅವಳ ಗ್ರಹಚಾರ ನೋಡಿ, ಗುಡ್ಡದ ಕಲ್ಲುಕ್ವಾರಿಯಲ್ಲಿ ಬಂದೂಕು ಹಿಡಿದು ಕೂತವರಲ್ಲಿ ಅವಳ ಸ್ವಂತ ತಮ್ಮನೂ ಒಬ್ಬ!

"ಬಂದೂಕು ಬಿಟ್ಟು ಇಳಿದು ಬನ್ನಿ, ಇಲ್ಲಾಂದ್ರೆ ದಾಳಿ ಮಾಡ್ತೀವಿ!" ಎಂದು ಒಮ್ಮೆ ಕೂಗಿದಳು. ಎರಡನೆಯ ಸಲವೂ ಅದನ್ನೇ ಕೂಗಿದಳು. ಗುಡ್ಡದಿಂದ ಒಬ್ಬನೂ ಇಳಿಯಲಿಲ್ಲ. ಅವಳ ಬೆನ್ನ ಹಿಂದೆ ಪಡೆಯ ಫಿರಂಗಿ ದಳದವರು ಸಜ್ಜಾಗಿದ್ದರು.

"ಸರ್, ಮೂರನೇದು ಎಷ್ಟು ಉದ್ದ ಇರ್ಬೇಕು? ಯಾರು ಕೊಡ್ಬೇಕು?"

ನಾಯಕ ಪುಸ್ತಕ ತಿರುವಿದ. "ಅದೇನೂ ಬರೆದಿಲ್ಲ. ಆದ್ರೆ ಅದು ಮುಗಿಯೋವರೆಗೂ ನಾವು ಹೊಡೆಯೋ ಹಾಗಿಲ್ಲ."

ಅಷ್ಟು ಸಾಕಿತ್ತು. ಅವಳು ಬಿದ್ದಂಬೀಳ ಓಡಿ ಅಮ್ಮನನ್ನು ಕರೆತಂದು ಕೈಗೆ ಮೈಕು ಕೊಟ್ಟಳು. ಅಮ್ಮನ ಬಾಯಿ ಇಡೀ ಊರಿಗೇ ಗೊತ್ತು.

"ಲೋ ನರಪೇತಲಾ! ಜಿರಳೆ ಕಂಡ್ರೆ ಮಂಚ ಹತ್ತೋನು, ನಿಂಗ್ಯಾಕೋ ಬಂದೂಕು? ಮನೆ ಹೆಂಚು ಸರಿ ಮಾಡೋಕೆ ಸೊಂಟ ಬಗ್ಗಲ್ಲ, ದೇಶ ಸರಿ ಮಾಡ್ತಾನಂತೆ! ಪಕ್ಕದಲ್ಲಿರೋನು ದರ್ಜಿ ಮಗ ತಾನೆ? ಏನೋ, ನಿಮ್ಮಪ್ಪನ ಕತ್ತರಿ ಎಲ್ಲೋ?"

ಗುಡ್ಡದ ಮೇಲೆ ಯಾರೋ ಕಿಸಕ್ಕನೆ ನಕ್ಕರು.

"ಮುಗೀತಾ?" ಎಂದ ನಾಯಕ.

"ಇದಿನ್ನೂ ಪೀಠಿಕೆ, ಸರ್."

ಬಿಸಿಲು ನೆತ್ತಿಗೇರಿ ಇಳಿಯಿತು. ಮಗ ಹುಟ್ಟಿದಂದಿನಿಂದ ಮಾಡಿದ ಘನಕಾರ್ಯಗಳನ್ನೆಲ್ಲ ಅಮ್ಮ ಜಾಲಾಡಿದಳು. ಫಿರಂಗಿಯವರು ನೆರಳು ಹುಡುಕಿ ಕೂತರು. ಕೊನೆಗೆ ಅಮ್ಮನ ದನಿ ಇಳಿಯಿತು.

"ಕಂದಾ, ಇವ್ರು ನಿಜವಾಗ್ಲೂ ಹೊಡೀತಾರೆ ಕಣೋ. ಆಮೇಲೆ ನಾನು ಯಾರನ್ನ ಬೈಲಿ?"

ದುಭಾಷಿ ಕಣ್ಣು ಕೀಲಿಸಿ ಗುಡ್ಡವನ್ನೇ ನೋಡಿದಳು. ಆಮೇಲೆ ಬಂಡೆಯ ಹಿಂದಿನಿಂದ ಗಡ್ಡದ ಮುಖವೊಂದು ಎದ್ದಿತು.

"ಸಾಕು ಬಿಡಮ್ಮಾ, ಬಂದೆ! ಎಲ್ರ ಮುಂದೆ ಮಾನ ಕಳೀಬೇಡ!"

ಬಂದೂಕು ಅಲ್ಲೇ ಬಿಸಾಕಿ, ಕೈ ಮೇಲೆತ್ತಿ ಅವನು ಇಳಿದ. ಹಿಂದೆಯೇ ದರ್ಜಿಯ ಮಗ, ಅವನ ಹಿಂದೆ ಉಳಿದವರು. ದುಭಾಷಿ ಓಡಿಹೋಗಿ ತಮ್ಮನ ಬೆನ್ನಿಗೆ ನಾಲ್ಕು ಗುದ್ದಿ, ತಬ್ಬಿಕೊಂಡು ಗೊಳೋ ಎಂದು ಅತ್ತಳು.

ನಾಯಕ ಪುಸ್ತಕ ಮುಚ್ಚಿ, ಮೈಕಿಗೆ ಕೈ ಚಾಚಿದ. "ಈಗಲಾದ್ರೂ ಮುಗೀತಾ, ಕೇಳಿ."

ಮಗಳು ಕಣ್ಣೊರೆಸಿಕೊಂಡು ಕೇಳಿದಳು. ಅಮ್ಮ ಮೈಕನ್ನು ಎದೆಗೆ ಅವುಚಿಕೊಂಡಳು.

"ಇರು ಅಂತ ಹೇಳೇ. ಇವನ ಗಡ್ಡದ ವಿಷಯ ಇನ್ನೂ ಬಾಕಿ ಇದೆ."