ಯಾರೂ ನೋಡದ ವಿಡಿಯೋ

ಅಮ್ಮ ಕೆಲಸದಿಂದ ಬೇಗ ಬಂದಳು. ಕೈಯಲ್ಲೊಂದು ಪೆನ್‌ಡ್ರೈವ್.

“ಯಜಮಾನರ ವಾಚು ಕಾಣ್ತಿಲ್ವಂತೆ. ನಾನೇ ತಗೊಂಡಿದ್ದಂತೆ. ‘ಹಾಲ್‌ನ ಕ್ಯಾಮೆರಾದಲ್ಲಿ ಎಲ್ಲ ಇದೆ, ಮನೇಲಿ ನೋಡ್ಕೋ, ನಾಳೆಯಿಂದ ಬರಬೇಡ’ ಅಂದ್ರು ಅಮ್ಮಾವ್ರು.” ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು. “ನಾನೇನು ಮಾಡಿದೀನೋ ನಾನೂ ನೋಡ್ಬೇಕು.”

ಆ ಮನೆಯ ನೆಲ ಒರೆಸಿ ಒರೆಸಿ ಅಮ್ಮನ ಮಂಡಿ ಸವೆದಿದೆ. ಈ ಮಾತು ಬೀದಿಗೆ ಬಿದ್ದರೆ ಅವಳು ಕೆಲಸ ಮಾಡುವ ಇನ್ನೆರಡು ಮನೆಯವರೂ ಬಾಗಿಲು ಹಾಕುತ್ತಾರೆ. ನನಗೆ ಮೈಯೆಲ್ಲ ಉರಿಯಿತು.

ಕಂಪ್ಯೂಟರ್ ಇರುವುದು ಚಿಕ್ಕಪ್ಪನ ಕೋಣೆಯಲ್ಲಿ, ಚಿಕ್ಕಮ್ಮ ಹೊಲಿದ ಹೂವಿನ ಹೊದಿಕೆಯ ಕೆಳಗೆ. ಹೊದಿಕೆ ಸರಿಸಿ, “ಇದೆಲ್ಲ ನನಗೆ ನೀರು ಕುಡಿದ ಹಾಗೆ” ಎಂದು ಕೂತ ಚಿಕ್ಕಪ್ಪ. ಫೈಲ್ ತೆರೆಯಲಿಲ್ಲ. ಫೈಲ್ ಹೆಸರಿನ ಬಾಲ, ಅಂದರೆ ಚುಕ್ಕಿಯ ನಂತರದ ಅಕ್ಷರ, ಬದಲಿಸಿದ. ಆಗಲೂ ಇಲ್ಲ. ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೋ ವಿಡಿಯೋ ಬಿಡಿಸುವ ಒಂದಷ್ಟು ಕೋಡೆಕ್ ಇಳಿಸಿದ. ವಿಡಿಯೋ ಬದಲು ತಲೆಗೆಣ್ಣೆಯ ಜಾಹೀರಾತುಗಳು ಒಂದರ ಮೇಲೊಂದು ಬಂದವು.

“ನೀರು ಕುಡಿದಿದ್ದು ಸಾಕು, ಎದ್ದೇಳಿ,” ಎಂದಳು ಚಿಕ್ಕಮ್ಮ.

ಬೇರೆ ಪ್ಲೇಯರ್ ಹಾಕಿದಾಗ ಕೆಳಗೆ ಸಮಯ ಓಡತೊಡಗಿತು. ಚಿತ್ರ ಮಾತ್ರ ಇಲ್ಲ, ಬರೀ ಕಪ್ಪು. ಅಮ್ಮ ಆ ಕಪ್ಪಿನೊಳಗೆ ತನ್ನನ್ನೇ ಹುಡುಕುವವಳಂತೆ ಬಾಗಿ ನೋಡುತ್ತಿದ್ದಳು.

“ಕ್ಯಾಮೆರಾ ಚಿತ್ರಾನ ಗಂಟು ಕಟ್ಟಿ ಇಟ್ಟಿದೆ. ಅದನ್ನ ಬಿಚ್ಚೋ ಕೋಡೆಕ್ ಇದರಲ್ಲಿಲ್ಲ,” ಎಂದ ಚಿಕ್ಕಪ್ಪ, ನನ್ನ ಕಡೆ ತಿರುಗಿ. “ಅವರು ಯಾವುದರಲ್ಲಿ ನೋಡಿದ್ರು ಅಂತ ಕೇಳ್ಕೊಂಡು ಬಾರೇ.”

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಲೂ ನಾಲಿಗೆ ಏಳುವುದಿಲ್ಲ. ಆದರೂ ಹೋದೆ.

ಅಮ್ಮಾವ್ರು ಬಾಗಿಲನ್ನು ಅರ್ಧ ತೆರೆದರು.

“ವಿಡಿಯೋ ನಮ್ಮಲ್ಲಿ ಬರ್ತಿಲ್ಲ. ನೀವು ಯಾವುದರಲ್ಲಿ ನೋಡಿದ್ರಿ ಅಮ್ಮಾವ್ರೇ?”

“ನಮ್ಮಲ್ಲೂ ಬರಲಿಲ್ಲ. ಬರೀ ಕಪ್ಪು.”

“ಹಾಗಾದ್ರೆ... ನೀವು ನೋಡೇ ಇಲ್ವಾ?”

“ಹಾಲ್‌ಗೆ ಬೇರೆ ಯಾರು ಬರ್ತಾರೆ? ನೋಡೋದೇನಿದೆ ಅದರಲ್ಲಿ?”

ನೋಡದೆಯೇ ಕಳ್ಳಿ ಅಂದರು! ಕಪ್ಪು ಪರದೆಯೊಳಗೆ ತಮಗೆ ಬೇಕಾದ್ದನ್ನು ತಾವೇ ತುಂಬಿಕೊಂಡು, ಅದನ್ನೇ ಸಾಕ್ಷಿಯೆಂದು ಅಮ್ಮನ ಕೈಯಲ್ಲೇ ಹೊರಿಸಿ ಕಳಿಸಿದರು.

“ಕ್ಯಾಮೆರಾ ಹಾಕಿದವರ ನಂಬರ್ ಕೊಡಿ.” ಇದು ನನ್ನದೇ ದನಿಯೇ ಎಂದು ನನಗೇ ಅನುಮಾನವಾಯಿತು. “ಕೊಡೋವರೆಗೆ ಈ ಮೆಟ್ಟಿಲು ಇಳಿಯಲ್ಲ.”

ನಂಬರ್ ಸಿಕ್ಕಿದ್ದೇ ಅಲ್ಲೇ ನಿಂತು ಫೋನ್ ಮಾಡಿದೆ. ಕ್ಯಾಮೆರಾದವನು ಫೋನಿನಲ್ಲೇ ನಕ್ಕ. “ಅಯ್ಯೋ, ಅದಕ್ಕೆ ನಮ್ಮದೇ ಪ್ಲೇಯರ್ ಬೇಕಮ್ಮ. ಡಬ್ಬದಲ್ಲೇ ಸಿ.ಡಿ. ಇಟ್ಟಿದ್ದೆನಲ್ಲ, ಯಾರೂ ಬಿಚ್ಚಿಲ್ವಾ?”

ಡಬ್ಬ ಅವರ ಅಟ್ಟದ ಮೇಲಿತ್ತು. ಸಿ.ಡಿ.ಯ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ.

ಅಮ್ಮನನ್ನು ಕರೆತಂದು, ಅವರ ಕಂಪ್ಯೂಟರಿನ ಮುಂದೆಯೇ ಕುರ್ಚಿ ಎಳೆದು ಕೂರಿಸಿದೆ. ಸಿ.ಡಿ. ಹಾಕಿದ್ದು ಯಜಮಾನರು. ಕಪ್ಪು ಹೋಗಿ ಹಾಲ್ ಮೂಡಿತು. ಅದರಲ್ಲಿ ಅಮ್ಮ ಇನ್ನೂ ಬಂದಿರಲಿಲ್ಲ. ಯಜಮಾನರು ಬಂದರು, ಟೀವಿಯ ಪಕ್ಕದಿಂದ ವಾಚು ತೆಗೆದು, ಆಟಕ್ಕೆ ಒಯ್ಯುವ ಬ್ಯಾಗಿನ ಜೇಬಿಗೆ ತುರುಕಿಕೊಂಡು ಹೋದರು.

“ಓ, ಆ ಬ್ಯಾಗಾ!” ಎಂದರು ಯಜಮಾನರು, ಇನ್ಯಾರದೋ ಸುದ್ದಿ ಕೇಳಿದವರಂತೆ.

ಅಮ್ಮಾವ್ರು ಮೌಸಿಗೆ ಕೈ ಹಾಕಿದರು. “ಸರಿ ಬಿಡು, ನಾಳೆಯಿಂದ ಬಾ.”

ಅಮ್ಮ ಮೌಸನ್ನು ತನ್ನ ಕಡೆ ಎಳೆದುಕೊಂಡಳು. “ಬರೋದು ಬಿಡೋದು ಆಮೇಲೆ. ಪೂರ್ತಿ ನೋಡಿ ಅಮ್ಮಾವ್ರೇ. ನಾನಿನ್ನೂ ಬಂದೇ ಇಲ್ಲ.”

ಪರದೆಯಲ್ಲಿ ಅಮ್ಮ ಬಂದಳು. ಬಟ್ಟೆ ಹಿಂಡಿದಳು. ಸೋಫಾದ ಕೆಳಗೆ ತೂರಿ ಒರೆಸಿದಳು. ಯಜಮಾನರು ಏಳಲು ನೋಡಿದರು.

“ಕೂತ್ಕೊಳ್ಳಿ,” ಎಂದಳು ಅಮ್ಮ. “ಇನ್ನೂ ಮೂಲೆಗಳಿವೆ.”