ಉತ್ತರ ಹೇಳದ ಮೇಷ್ಟ್ರು

ನಾಗರತ್ನ ಹಂಗಳದವಳು, ಮಾನಸ ಗುಂಡ್ಲುಪೇಟೆಯವಳು. ಇಬ್ಬರೂ ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದರು. ಕಂಪ್ಯೂಟರ್ ಸೈನ್ಸ್ ಆಗಿನ್ನೂ ಅಲ್ಲಿಗೆ ಹೊಸ ವಿಷಯ. ಪ್ರೋಗ್ರಾಂ ಬರೆಯುವುದು ನಾಗರತ್ನಳಿಗೆ ಸಲೀಸು, ಮಾನಸಳಿಗೆ ತಲೆನೋವು. ದಿನಾ ಇಬ್ಬರೂ ಒಟ್ಟಿಗೆ ಕಾಲೇಜಿಗೆ ಹೋಗುವ ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ನಾಗರತ್ನ ಆವತ್ತಿನ ಲ್ಯಾಬಿನ ಪ್ರೋಗ್ರಾಂ ಪೂರ್ತಿ ಹೇಳಿ ಬರೆಸಿಬಿಡುತ್ತಿದ್ದಳು. ನೀನಿಲ್ಲದಿದ್ದರೆ ಎಂದೋ ಕಾಲೇಜು ಬಿಡುತ್ತಿದ್ದೆ ಎಂದು ಮಾನಸ ಒಮ್ಮೆ ಹೇಳಿದಾಗ ನಾಗರತ್ನಳಿಗೆ ಸಂಜೆವರೆಗೂ ಬೇರೇನೂ ಬೇಕಾಗಿರಲಿಲ್ಲ.

೧೯೯೭ರ ಬೇಸಿಗೆ ರಜೆ ಮುಗಿದ ಮೇಲೆ ಮೇಷ್ಟ್ರು ಮಲ್ಲಿಕಾರ್ಜುನಸ್ವಾಮಿ ತಾವೇ ಬರೆದ ಒಂದು ಪ್ರೋಗ್ರಾಮನ್ನು ಲ್ಯಾಬಿನ ಮೂಲೆಯ ಕಂಪ್ಯೂಟರಿಗೆ ಹಾಕಿದರು. ಅದು ಪಾಠ ಹೇಳಿಕೊಡುವ ಪ್ರೋಗ್ರಾಂ. ಹುಡುಗರು ಬರೆದದ್ದರಲ್ಲಿ ತಪ್ಪಿದ್ದರೆ ಉತ್ತರ ಕೊಡುತ್ತಿರಲಿಲ್ಲ, ಒಂದು ಪ್ರಶ್ನೆ ಕೇಳುತ್ತಿತ್ತು. ಮತ್ತೆ ಮತ್ತೆ ಸುತ್ತುವ ಈ ಲೂಪ್ ನಿಲ್ಲುವುದು ಯಾವಾಗ? ಮೊದಲ ಸಲ ಈ ಜಾಗದಲ್ಲಿ ಯಾವ ಸಂಖ್ಯೆ ಇರುತ್ತದೆ? ಹೀಗೆ.

ಮಾನಸ ಅದರ ಮುಂದೆ ಕೂತವಳು ಏಳಲೇ ಇಲ್ಲ. ಬಸ್ಸಿನಲ್ಲಿ ನಾಗರತ್ನ ಬಾಯಿ ತೆರೆದರೆ, ಬೇಡ, ಲ್ಯಾಬಿನಲ್ಲೇ ನೋಡ್ಕೋತೀನಿ ಎನ್ನತೊಡಗಿದಳು.

"ಅದ್ರಲ್ಲೇನೈತೆ ಅಂತಾದ್ದು?" ಎಂದು ನಾಗರತ್ನ ಕೇಳಿಯೇಬಿಟ್ಟಳು.

"ಎಷ್ಟ್ ಸಲ ತಪ್ಪು ಮಾಡುದ್ರೂ ಮುಖ ಸಿಂಡರಿಸಲ್ಲ ಕಣೆ."

ತಾನು ಯಾವತ್ತು ಮುಖ ಸಿಂಡರಿಸಿದ್ದೆ? ನಾಗರತ್ನ ಅದನ್ನೇ ಯೋಚಿಸಿ ಯೋಚಿಸಿ ಸೊರಗಿದಳು. ಟೆಸ್ಟಿನಲ್ಲಿ ಮಾನಸಳಿಗೆ ತನಗಿಂತ ಹೆಚ್ಚು ಅಂಕ ಬಂದ ದಿನ ಊಟ ಸೇರಲಿಲ್ಲ. ಅಂಕಕ್ಕಿಂತ, ಮಾನಸ ಆ ಸಂತೋಷವನ್ನು ಮೊದಲು ಹೇಳಲು ಓಡಿದ್ದು ಮೇಷ್ಟ್ರ ಹತ್ತಿರ ಎಂಬುದು ಹೆಚ್ಚು ಚುಚ್ಚಿತು.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ನಾಗರತ್ನ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಬೇಕೆಂದೇ ತಪ್ಪಾಗಿ ಬರೆದಳು. ಅದು ಪೆದ್ದು ಪೆದ್ದಾಗಿ ಏನಾದರೂ ಕೇಳಲಿ ಎಂದು ಅವಳ ಆಸೆ. ಆದರೆ ಅದು ತಪ್ಪಿನ ಬುಡಕ್ಕೇ ಕೈ ಹಾಕುವಂಥ ಪ್ರಶ್ನೆ ಕೇಳಿತು. ಅವಳ ಮೈ ಉರಿಯಿತು. ಪ್ರಶ್ನೆಗಳಿದ್ದ ಫೈಲುಗಳನ್ನೆಲ್ಲ ಅಳಿಸಿ ಎದ್ದು ಬಂದಳು.

ಕರೆಂಟು ಹೋಗಿ ಹಾಗಾಗಿರಬೇಕು ಎಂದುಕೊಂಡರು ಎಲ್ಲರೂ. ಮೇಷ್ಟ್ರು ಫ್ಲಾಪಿಯಲ್ಲಿ ಇಟ್ಟಿದ್ದ ಪ್ರತಿಯೂ ಕೆಟ್ಟುಹೋಗಿತ್ತು.

ಮಾರನೆಯ ದಿನ ಮಾನಸ ಬಸ್ಸಿನಲ್ಲಿ ತಾನಾಗಿಯೇ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಪ್ರೋಗ್ರಾಂ ತೋರಿಸಿದಳು. ನಾಗರತ್ನ ಕಾದಿದ್ದು ಇದಕ್ಕೇ. ಒಂದೇ ಉಸಿರಿಗೆ ಹೇಳತೊಡಗಿದಳು. ಮಾನಸ ಅವಳ ಕೈ ಹಿಡಿದು ತಡೆದಳು.

"ಹೇಳ್ಬುಡಬ್ಯಾಡ ಕಣೆ. ಏನಾದ್ರೂ ಕೇಳು, ನಾನೇ ಉಡುಕ್ತೀನಿ."

ಏನು ಕೇಳಬೇಕೆಂದು ನಾಗರತ್ನಳಿಗೆ ತೋಚಲಿಲ್ಲ. ಇಷ್ಟು ದಿನ ಅವಳು ಮಾನಸಳಿಗೆ ಉತ್ತರ ಕೊಟ್ಟಿದ್ದಳೇ ಹೊರತು ಏನನ್ನೂ ಕೇಳಿರಲಿಲ್ಲ.

"ಅದನ್ನ ಅಳಿಸಿದ್ದು ನಾನೇ," ಎಂದಳು.

ಮಾನಸ ಹಿಡಿದಿದ್ದ ಕೈ ಬಿಟ್ಟಳು. ಕಾಲೇಜಿನ ಹತ್ತಿರ ಇಳಿಯುವಾಗ, ಮೇಷ್ಟ್ರಿಗೆ ನೀನೇ ಹೇಳು ಎಂದಷ್ಟೇ ಹೇಳಿ ಮುಂದೆ ನಡೆದಳು.

ಮಲ್ಲಿಕಾರ್ಜುನಸ್ವಾಮಿ ಕೇಳಿ ಬಿಳಿಚಿಕೊಂಡರು. ಬಯ್ಯಲಿಲ್ಲ. ಆ ಪ್ರಶ್ನೆಗಳನ್ನು ಮತ್ತೆ ಬರೆಯುವ ಕೆಲಸ ಅವಳದ್ದೇ ಎಂದರು. ಸರಿಯಾಗಿವೆಯೋ ಇಲ್ಲವೋ ಹೇಳುವವಳು ಮಾನಸ ಎಂದೂ ಸೇರಿಸಿದರು. ನಾಗರತ್ನ ಬರೆದದ್ದನ್ನು ಮಾನಸ ಓದಿ, ಇದ್ರಲ್ಲಿ ಉತ್ತರಾನೇ ಹೇಳ್ಬುಟ್ಟಿದೀಯ ಎಂದು ಎಷ್ಟೋ ಸಲ ವಾಪಸ್ ಕೊಟ್ಟಳು. ಮೊದಮೊದಲು ಅಷ್ಟೇ ಅವರ ಮಾತು. ಕೆಲಸ ಮುಗಿಯುವ ಹೊತ್ತಿಗೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು.

ಮುಂದಿನ ವರ್ಷ ಕುದೇರಿನಿಂದ ಬಂದ ಸೋಮಮ್ಮ ಎಂಬ ಹುಡುಗಿ ಆ ಕಂಪ್ಯೂಟರಿಗೆ ಅಂಟಿಕೊಂಡಳು. ಎಷ್ಟು ಚೆನ್ನಾಗಿ ಕೇಳುತ್ತೆ ನೋಡಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅವೆಲ್ಲ ತನ್ನ ಪ್ರಶ್ನೆಗಳೇ ಆಗಿದ್ದರೂ ನಾಗರತ್ನಳ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಹೊರಗೆ ಹೋಗಲು ಬಾಗಿಲವರೆಗೆ ನಡೆದವಳು ತಿರುಗಿ ಬಂದು, ಸ್ಟೂಲು ಎಳೆದುಕೊಂಡು ಹುಡುಗಿಯ ಪಕ್ಕ ಕೂತಳು.

"ಅದು ಯಾಕಂಗೆ ಕೇಳ್ತೈತೆ ಅಂತ ನಿಂಗನ್ಸುತ್ತೆ?" ಎಂದಳು.